ಹುಳುವಿಗೊಂದು ಗಂಡು

ಬಂಡಳ್ಳಿಯ ರಾಚಮ್ಮನಿಗೆ ಸೊಸೆ ಸಿಕ್ಕಿದ್ದು ಸುಲಭದಲ್ಲಿ ಅಲ್ಲ. ಮಗ ಮಣಿಕಂಠನಿಗೆ ಹೆಣ್ಣು ಹುಡುಕಿ ಹುಡುಕಿ ಅವಳ ಚಪ್ಪಲಿ ಸವೆದು, ಮೊಣಕಾಲು ಸವೆದು, ಕೊನೆಗೆ ನಾಚಿಕೆಯೂ ಸವೆದುಹೋಗಿತ್ತು. ಕೊಳ್ಳೇಗಾಲದ ಸಂತೆಯಲ್ಲಿ ಗುರುತು ಪರಿಚಯವಿಲ್ಲದ ಹೆಂಗಸು ಪಕ್ಕದಲ್ಲಿ ನಿಂತು ಬದನೆಕಾಯಿ ಆರಿಸುತ್ತಿದ್ದರೂ ಸಾಕು, "ನಿಮ್ಮ ಕಡೆ ಯಾವ್ದಾರ ಎಣ್ಣು ಅದಾ ಕಣವ್ವಾ?" ಎಂದು ಕೇಳಿಬಿಡುತ್ತಿದ್ದಳು. ಹುಡುಗನಲ್ಲಿ ಊನವೇನೂ ಇರಲಿಲ್ಲ. ಹನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಊರಲ್ಲಿ ಅರಿಶಿನದ ಹೊಲ, ಬಾಯಲ್ಲಿ ಬೀಡಿಯಿಲ್ಲ. ಆದರೆ ಕಾಲ ಹೇಗಿದೆಯೆಂದರೆ, ಹೊಲ ಅಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿಗೆ ಇಟ್ಟ ನೀರನ್ನು ಒಲೆಯಿಂದ ಇಳಿಸಿಬಿಡುತ್ತಾರೆ. ಹೋದ ವರ್ಷ ಮಣಿಕಂಠ ಮದುವೆಯಾಗದ ಹುಡುಗರ ದಂಡಿನ ಜೊತೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೂ ನಡೆದು ಬಂದಿದ್ದ. ಕಾಲಲ್ಲಿ ಬೊಬ್ಬೆ ಬಂತು, ಹೆಣ್ಣು ಬರಲಿಲ್ಲ.

ಬಂದದ್ದು ಆಮೇಲೆ, ತಾನಾಗಿಯೇ, ಹನೂರು ಬಸ್ಸಿನಲ್ಲಿ. ಯಳಂದೂರು ಕಡೆಯ ಹುಡುಗಿ ಪವಿತ್ರ ಮೈಸೂರಿನಲ್ಲಿ ಮೀನಿನ ಮೇಲೆ ಏನೋ ದೊಡ್ಡ ಓದು ಓದುತ್ತಿದ್ದಳು. ರಾಚಮ್ಮನ ಗಂಡ ಹನುಮಯ್ಯ ಹೊಲದ ಮೂಲೆಯಲ್ಲಿ ತೆಗೆಸಿದ್ದ ಕೃಷಿ ಹೊಂಡದಲ್ಲಿ ಗೆಂಡೆ ಮೀನು ಸಾಕಿದ್ದಾನೆಂದು ಯಾರಿಂದಲೋ ಕೇಳಿ, "ಒಂದೆರಡು ಮೀನು ಸಿಕ್ತವಾ?" ಎಂದು ಬಂದಳು. ಮಣಿಕಂಠ ಬಲೆ ಹಿಡಿದು ಹೊಂಡಕ್ಕಿಳಿದ. ಮರುವಾರ ಮತ್ತೆ ಬಂದಳು, ಮತ್ತೆ ಇಳಿದ. ಹೀಗೆ ಬರುವವಳು ಮೀನಿಗೇ ಬರುತ್ತಾಳೋ, ಹಿಡಿಯುವವನಿಗೆ ಬರುತ್ತಾಳೋ ಎಂದು ರಾಚಮ್ಮ ಲೆಕ್ಕ ಹಾಕುವಷ್ಟರಲ್ಲಿ ಕೊಳ್ಳೇಗಾಲದ ಛತ್ರದಲ್ಲಿ ಧಾರೆಯೇ ಆಗಿಹೋಯಿತು.

ಈಗ ಉಳಿದದ್ದು ಬೀಗರೂಟ. ಮದುವೆ ಹೇಗೇ ನಡೆದಿರಲಿ, ನೆಂಟರು ಆಮೇಲೆ ವರ್ಷಗಟ್ಟಲೆ ಆಡಿಕೊಳ್ಳುವುದು ಬೀಗರೂಟವನ್ನೇ. ಹನುಮಯ್ಯ ಎಲ್ಲರ ಹಾಗೆ ಕುರಿ ಕುಯ್ಯಿಸಿ ಸುಮ್ಮನಿರಬಹುದಿತ್ತು. ನಿಶ್ಚಿತಾರ್ಥದ ದಿನವೇ ಮೀಸೆ ತೀಡಿಕೊಂಡು, "ನಮ್ಮನೇಲಿ ಮಟನ್ ಜೊತೆಗೆ ನನ್ ಹೊಂಡದ ಮೀನಿನ ಸಾರು. ಅಂಥಾ ಗೆಂಡೆ ನೀವು ಜನ್ಮದಲ್ಲಿ ತಿಂದಿರಕಿಲ್ಲ ಬುಡಿ" ಎಂದು ಜಂಬ ಕೊಚ್ಚಿಕೊಂಡಿದ್ದ. ಊಟವಾದ ಮೇಲೆ ಹೊಂಡದ ನೀರು ಬಸಿದು, ಹೂಳೆತ್ತಿ, ತಳಕ್ಕೆ ಪ್ಲಾಸ್ಟಿಕ್ ಹಾಸುವುದೆಂದೂ ನಿಶ್ಚಯಿಸಿದ್ದ. ಅಂದರೆ ಇದ್ದಬದ್ದ ಮೀನೆಲ್ಲ ಅವತ್ತೇ ಸಾರಿಗೆ.

ರಾಚಮ್ಮನಿಗೆ ಭಯವಿದ್ದದ್ದು ಹುಡುಗಿಯ ಸೋದರಮಾವ ಪುಟ್ಟಸಿದ್ದಯ್ಯನದು. ಆಸಾಮಿ ಒಮ್ಮೆ ಯಾರದೋ ಬೀಗರೂಟದಲ್ಲಿ ಉಪ್ಪಿನಕಾಯಿ ತಡವಾಯಿತೆಂದು ಎಲೆ ಬಿಟ್ಟು ಎದ್ದಿದ್ದನಂತೆ. ಅವನು ಎದ್ದನೆಂದು ಪಂಕ್ತಿಗೆ ಪಂಕ್ತಿಯೇ ಎದ್ದಿತಂತೆ. ಇಂಥವನ ಕಣ್ಣೆದುರು ಒಂದು ಕೂದಲೆಳೆ ತಪ್ಪಾಗಬಾರದು. ಅದಕ್ಕೇ ಹಿಂದಿನ ದಿನ ಪವಿತ್ರ ಅಡುಗೆಮನೆ ಬಾಗಿಲಿಗೆ ಬಂದು, "ಅತ್ತೆ, ನಾಳೆ ಮೀನು ನಾನೇ ಕ್ಲೀನ್ ಮಾಡ್ಲಾ?" ಎಂದು ಕೇಳಿದಾಗ ರಾಚಮ್ಮ ಹೌಹಾರಿದಳು.

"ಬ್ಯಾಡ ಕಣ್ ಕೂಸೆ! ಕಂಕಣ ಬಿಚ್ಚಗಂಟ ನೀನು ಮೀನು ಮುಟ್ಟಂಗಿಲ್ಲ. ನಿಮ್ ಮಾವ ನೋಡುದ್ರೆ ಏನಂದಾರು? ಅರಿಸ್ನ ಆರಕ್ ಮುಂಚೆನೇ ನಮ್ ಎಣ್ಣ ಮೀನು ಕುಯ್ಯಕೆ ಕೂರ್ಸವ್ರೆ ಅನ್ನಕಿಲ್ವಾ?"

ಹುಡುಗಿ ಏನೋ ಹೇಳಬೇಕೆಂದು ಬಾಯಿ ತೆರೆದಳು. ಮಣಿಕಂಠ ತಾಯಿಯ ಹಿಂದಿನಿಂದ ಕಣ್ಣು ಮಿಟುಕಿಸಿದ. ಅವಳು ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮುಖ ಬಾಡಿದ್ದು ರಾಚಮ್ಮನಿಗೆ ಕಾಣಿಸದೆ ಇರಲಿಲ್ಲ. ಎಂಥ ಕೆಲಸಗಾತಿ, ಬೇಡವೆಂದದ್ದಕ್ಕೇ ಬೇಜಾರು ಮಾಡಿಕೊಂಡಳಲ್ಲ ಎಂದು ಉಬ್ಬಿದಳೇ ಹೊರತು ಬೇರೇನೂ ತೋಚಲಿಲ್ಲ.

ಸೊಸೆಯ ಬಗ್ಗೆ ರಾಚಮ್ಮನಿಗೆ ತಿಳಿಯದೆ ಉಳಿದದ್ದು ಒಂದೇ ಒಂದು ಎಂದು ಅವಳೆಣಿಕೆ. ತವರಿಂದ ಬರುವಾಗ ಅವಳ ಜೊತೆ ಒಂದು ಪೆಟ್ಟಿಗೆ ಬಂದಿತ್ತು. ಚಿಕ್ಕದು, ಆದರೆ ಎತ್ತಿದರೆ ಕೈ ಜಗ್ಗುತ್ತಿತ್ತು. ಅದನ್ನು ಅವಳು ಯಾರ ಕೈಗೂ ಕೊಡದೆ ಮಗುವಿನ ಹಾಗೆ ಅವುಚಿಕೊಂಡು ಇಳಿದಿದ್ದಳು. "ಬೆಳ್ಳಿನೇ ಇರ್ಬೇಕು ಕಣೆ" ಎಂದು ರಾಚಮ್ಮ ಪಕ್ಕದ ಮನೆಯ ಶಿವಮ್ಮನ ಕಿವಿಯಲ್ಲಿ ಹೇಳಿದ್ದಳು. ಶಿವಮ್ಮನ ಕಿವಿಯಲ್ಲಿ ಹೇಳಿದರೆ ಊರ ಕಿವಿಯಲ್ಲಿ ಹೇಳಿದ ಹಾಗೆಯೇ.

ಬೀಗರೂಟದ ಬೆಳಗ್ಗೆ ಹೊಂಡಕ್ಕೆ ಬಲೆ ಬಿತ್ತು. ಗೆಂಡೆಗಳು ಬುಟ್ಟಿಗಟ್ಟಲೆ ಹಿತ್ತಿಲಿಗೆ ಬಂದು ಬಿದ್ದವು. ರಾಚಮ್ಮ ಈಳಿಗೆ ಹಾಕಿಕೊಂಡು ಕುಳಿತಳು. ಶಿವಮ್ಮ ಬೂದಿ ಹಚ್ಚಿ ಹುರುಪೆ ಉಜ್ಜತೊಡಗಿದಳು. ಎಲ್ಲಕ್ಕಿಂತ ದೊಡ್ಡ ಮೀನನ್ನು ರಾಚಮ್ಮ ಮೊದಲು ಎತ್ತಿಕೊಂಡದ್ದಕ್ಕೆ ಒಂದು ಕಾರಣವಿತ್ತು. ಅವಳ ತವರು ಕೊಳ್ಳೇಗಾಲದಾಚೆ ಕಾವೇರಿ ದಂಡೆಯ ಊರು. ಅಲ್ಲಿ ಅವಳ ವಂಶದವರಲ್ಲಿ ಒಂದು ಪದ್ಧತಿ ಇದೆ. ಮೀನಿನ ಹೊಟ್ಟೆಯಲ್ಲಿ ಬೆನ್ನೆಲುಬಿಗೆ ಅಂಟಿಕೊಂಡು ಗಾಳಿ ತುಂಬಿದ ಬಿಳಿಯ ಬುಡ್ಡೆ ಇರುತ್ತದಲ್ಲ, ಹೊಸ ಸೊಸೆ ಬೀಗರೂಟಕ್ಕೆ ಕೂರುವ ಮುನ್ನ ಆ ದಿನದ ದೊಡ್ಡ ಮೀನಿನ ಗಾಳಿಬುಡ್ಡೆಯನ್ನು ಅವಳ ಹಿಮ್ಮಡಿಯ ಕೆಳಗಿಟ್ಟು ಫಟ್ಟೆಂದು ಒಡೆಸಬೇಕು. ಆ ಸದ್ದಿಗೆ ಕಣ್ಣೆಸರು, ಕೆಟ್ಟ ದೃಷ್ಟಿಯೆಲ್ಲ ಹೆದರಿ ಓಡುತ್ತದೆ. ರಾಚಮ್ಮನ ಮದುವೆಯಲ್ಲಿ ಅವಳ ತಾಯಿ ಬುಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಒಡೆಸಿದ್ದಳು. ಈಗ ಊರಲ್ಲಿ ಮದುವೆಯಾಗದ ಗಂಡುಮಕ್ಕಳನ್ನು ಹೆತ್ತ ತಾಯಂದಿರು ಎಷ್ಟು ಜನ! ಅವರ ಕಣ್ಣೆಲ್ಲ ತನ್ನ ಸೊಸೆಯ ಮೇಲೇ ಎಂದು ರಾಚಮ್ಮನಿಗೆ ನಿದ್ದೆ ಹತ್ತಿರಲಿಲ್ಲ. ಹೆಣ್ಣು ಸಿಗದೆ ಅಲೆಯುತ್ತಿದ್ದ ದಿನಗಳಲ್ಲೂ ಅವಳು ಈ ಫಟ್ಟೆನ್ನುವ ಸದ್ದನ್ನು ನೆನೆದುಕೊಂಡೇ ಸಮಾಧಾನಪಡುತ್ತಿದ್ದಳು.

ಬುಡ್ಡೆಯನ್ನು ಹುಷಾರಾಗಿ ಬಿಡಿಸಿ, ಬಟ್ಟಲ ನೀರಿಗೆ ಹಾಕಿ, ದೇವರ ಗೂಡಿನ ಕೆಳಗಿಟ್ಟು ಬಂದಳು. ಉಳಿದವನ್ನು ಮಕ್ಕಳು ಬಿಡುತ್ತಾರೆಯೇ? ಬಲೂನು ಬಲೂನು ಎಂದು ಕಿತ್ತುಕೊಂಡು ಹೋಗಿ ಅಂಗಳದಲ್ಲಿ ಒಡೆಯತೊಡಗಿದವು.

ಅಷ್ಟರಲ್ಲಿ ಶಿವಮ್ಮ ಕೂಗಿದಳು. "ರಾಚಕ್ಕಾ, ಇದೇನಕ್ಕ ಈ ಮೀನಿನ್ ವಟ್ಟೇಲಿ ಕೆಂಪ್ಗೆ ದಾರ ಇದ್ದಂಗದೆ?"

ರಾಚಮ್ಮ ಬಗ್ಗಿ ನೋಡಿದಳು. ದಾರ ಮಿಸುಕಾಡಿತು.

"ದಾರ ಅಲ್ಲ ಕಣೆ ಶಿವಿ. ಉಳ!"

ಇನ್ನೊಂದು ಮೀನು ಕುಯ್ದರು. ಅದರಲ್ಲೂ ಇತ್ತು. ಇನ್ನೊಂದು, ಅದರಲ್ಲೂ. ಗೇಣುದ್ದದ ಕೆಂಪು ಹುಳುಗಳು, ಕರುಳ ಸುತ್ತ ಬಿಗಿದುಕೊಂಡು ತಮ್ಮ ಮನೆ ಎಂಬಂತೆ ಮಲಗಿದ್ದವು. ರಾಚಮ್ಮ ಈಳಿಗೆ ಬಿಟ್ಟು ಎದ್ದಳು. ಪುಟ್ಟಸಿದ್ದಯ್ಯ ಉಪ್ಪಿನಕಾಯಿಗೇ ಎದ್ದವನು, ಹುಳಕ್ಕೆ ಏನು ಮಾಡಿಯಾನು! "ಉಳ ಬಿದ್ದ ಮೀನು ಇಕ್ಕುದ್ರು" ಎಂಬ ಮಾತು ಯಳಂದೂರಿನ ತನಕ ಹೋಗಿ, ಅಲ್ಲಿಂದ ತಿರುಗಿ ಬಂಡಳ್ಳಿಗೆ ಬರುತ್ತದೆ. ಸಂಬಂಧ ಕಹಿಯಾಗುತ್ತದೆ. ಮಧ್ಯೆ ಆ ಕೂಸು ಸೊರಗುತ್ತದೆ.

"ಯಾರ್ಗೂ ಉಸುರ್ಬ್ಯಾಡ. ಮೀನು, ಕರುಳು ಎಲ್ಲಾನೂವೆ ತಿಪ್ಪೇಲಿ ಊತ್ಬುಡವ. ಮಟನ್ ಒಂದೇ ಸಾಕು" ಎಂದು ರಾಚಮ್ಮ ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು.

ಹಿತ್ತಿಲ ಬಾಗಿಲಲ್ಲಿ ಕಿಟಾರನೆ ಒಂದು ಕೂಗು ಎದ್ದಿತು. ಪವಿತ್ರ! ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಎರಡು ಕೈ ಕೆನ್ನೆಗೊತ್ತಿಕೊಂಡು ನಿಂತಿದ್ದಾಳೆ. ಮುಗಿಯಿತು, ಕೂಸು ಹೆದರಿಕೊಂಡಿತು, ಇವತ್ತೇ ತವರಿಗೆ ಹೊರಡುತ್ತದೆ ಎಂದು ರಾಚಮ್ಮ ಬುಟ್ಟಿಯನ್ನು ತಟ್ಟನೆ ಕೆಳಗಿಳಿಸಿದಳು.

"ಅತ್ತೆ, ಎಸೀಬ್ಯಾಡಿ! ಒಂದ್ನೂವೆ ಎಸೀಬ್ಯಾಡಿ!" ಪವಿತ್ರ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ಕಂಕಣದ ಕೈಯಲ್ಲೇ ಒಂದು ಹುಳುವನ್ನು ಮೆತ್ತಗೆ ಎತ್ತಿದಳು. ಅವಳ ಮುಖ ನೋಡಿದ ರಾಚಮ್ಮ ಬೆರಗಾದಳು. ತಾಳಿ ಕಟ್ಟಿಸಿಕೊಳ್ಳುವಾಗಲೂ ಆ ಮುಖ ಇಷ್ಟು ಬೆಳಗಿರಲಿಲ್ಲ.

ಆಮೇಲೆ ಗುಟ್ಟು ಹೊರಬಿತ್ತು. ಅವಳು ಓದುತ್ತಿದ್ದದ್ದು ಮೀನನ್ನಲ್ಲ, ಮೀನಿನೊಳಗಿನ ಈ ಹುಳುವನ್ನು. ಇಂಥದ್ದನ್ನು ಇದುವರೆಗೆ ಯಾರೂ ಗುರುತಿಸಿ ಬರೆದಿಲ್ಲ. ಅವಳು ಎಲ್ಲೆಲ್ಲೋ ಹುಡುಕಿ, ಕೊನೆಗೆ ಕಂಡದ್ದು ಹನುಮಯ್ಯನ ಹೊಂಡದಲ್ಲಿ. ಅಪ್ಪನಿಗೆ ಅವಮಾನವಾದೀತೆಂದು ಮಣಿಕಂಠ ಅವಳ ಬಾಯಿ ಹೊಲಿಸಿದ್ದ.

"ಹಂಗಾರೆ ಈ ಮೀನು ತಿನ್ನಕ್ಕಾಯ್ತದಾ?" ರಾಚಮ್ಮ ಕೇಳಿದಳು.

"ಧಾರಾಳ್ವಾಗಿ ತಿನ್ಬೋದು ಅತ್ತೆ. ಹುಳ ಮಾಂಸದಲ್ಲಿಲ್ಲ, ಹೊಟ್ಟೇಲದೆ. ಕರುಳು ತೆಗೆದು ಚೆನ್ನಾಗಿ ಬೇಯ್ಸಿದ್ರೆ ಏನೂ ಆಗಲ್ಲ. ಇದು ಮೀನಿನ ಹುಳ, ನಮ್ ತಂಟೆಗೆ ಬರಲ್ಲ." ಹಾಗೆಂದವಳು ಕೈಯಲ್ಲಿದ್ದ ಹುಳುವನ್ನು ಮೆತ್ತಗೆ ಬುಟ್ಟಿಗಿಟ್ಟಳು. "ಆದ್ರೆ ಇವೆಲ್ಲ ಹೆಣ್ಣೇ ಅತ್ತೆ. ಎಷ್ಟು ಮೀನು ಕುಯ್ದ್ರೂ ಹೆಣ್ಣೇ. ಗಂಡು ತೋರಿಸದೆ ಇದು ಹೊಸ ಜಾತಿ ಅಂತ ಬರೆಯಕ್ಕಾಗಲ್ಲ ಅಂತಾರೆ ನಮ್ ಮೇಡಂ. ಇವತ್ತು ಹೊಂಡ ಖಾಲಿಯಾದ್ರೆ ಮುಗೀತು. ಮೂರೂ ಹೊತ್ತು ಹುಡುಕಿದ್ದೀನಿ, ಗಂಡು ಸಿಕ್ಕಿಲ್ಲ."

ಗಂಡು ಸಿಕ್ಕಿಲ್ಲ! ಇದೇ ದನಿಯಲ್ಲಿ, ಇದೇ ಸೋತ ಮುಖದಲ್ಲಿ, ಎಷ್ಟು ಮನೆಗಳ ಜಗುಲಿಯ ಮೇಲೆ ತಾನು "ಎಣ್ಣು ಸಿಕ್ಕಿಲ್ಲ ಕಣವ್ವಾ" ಎಂದಿಲ್ಲ! ಹುಡುಕುವವರ ಸಂಕಟ ಹುಡುಕಿದವರಿಗೇ ಗೊತ್ತು. ಅದು ಹುಳುವಾದರೇನು, ಮಗನಾದರೇನು?

"ಎಲ್ಲಿದ್ದಾನು ಅವ್ನು? ಅದ ಏಳು ಮೊದ್ಲು" ಎಂದು ರಾಚಮ್ಮ ಸೆರಗು ಬಿಗಿದಳು.

"ಅವ್ನು ಎಳ್ಳಿಗಿಂತ ಸಣ್ಣ ಅತ್ತೆ. ಇಂಥಾ ಹುಳುಗಳಲ್ಲಿ ಗಂಡು ಗಾಳಿಬುಡ್ಡೆ ಪೊರೆಯೊಳಗೆ ಸೇರ್ಕೊಂಡಿರ್ತಾನೆ."

ಅಂಗಳದಿಂದ ಫಟ್ ಎಂದು ಸದ್ದು ಬಂತು. ಹಿಂದೆಯೇ ಇನ್ನೊಂದು ಫಟ್.

"ಅಯ್ಯೋ ನಮ್ ಗಂಡುಗೋಳ ತುಳ್ದಾಕ್ತಾವಲ್ಲಪ್ಪಾ!" ಎಂದು ರಾಚಮ್ಮ ಓಡಿದಳು. ಮೊಣಕಾಲು ನೋವು ಎಲ್ಲಿ ಹೋಯಿತೋ ಅವಳಿಗೇ ತಿಳಿಯದು. ಅಂಗಳಕ್ಕೆ ಬಂದು, ಮಕ್ಕಳ ಕೈಯಿಂದ ಬುಡ್ಡೆಗಳನ್ನು ಕಿತ್ತುಕೊಂಡು ಮಡಿಲಿಗೆ ಹಾಕಿಕೊಳ್ಳತೊಡಗಿದಳು. ಕೊಡದವಕ್ಕೆ ಲಾಡು ತೋರಿಸಿದಳು. ಲಾಡಿಗೂ ಬಗ್ಗದವನ ಹಿಂದೆ ಶಾಮಿಯಾನದ ಕಂಬ ಸುತ್ತಿದಳು. ಸುತ್ತಿ ಬರುವಷ್ಟರಲ್ಲಿ ಎದುರಿಗೆ ಬಿಳಿ ಪಂಚೆ, ಬಿಳಿ ಮೀಸೆ! ಬೀಗರ ಬಸ್ಸು ಬಂದು ನಿಂತಿತ್ತು.

ಪುಟ್ಟಸಿದ್ದಯ್ಯ ಹುಬ್ಬೇರಿಸಿದ. "ಏನ್ ಬೀಗ್ತಿ, ಊಟಕ್ಕೆ ಕರ್ದು ಮಕ್ಕಳ ಕೈಲಿರದ ಕಿತ್ಕತಾ ಇದ್ದರಿ?"

ನೆಂಟರೆಲ್ಲ ನಿಂತು ನೋಡುತ್ತಿದ್ದರು. ಹನುಮಯ್ಯ ಪನ್ನೀರುದಾನಿ ಹಿಡಿದು ಕಲ್ಲಾಗಿದ್ದ. ಏನಾದರೂ ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ರಾಚಮ್ಮನಿಗೆ ಸುಳ್ಳು ಬರುವುದಿಲ್ಲವೆಂದಲ್ಲ. ಮಗನ ವಯಸ್ಸನ್ನು ಅವಳು ಹೇಳುತ್ತಿದ್ದ ರೀತಿಯೇ ಅದಕ್ಕೆ ಸಾಕ್ಷಿ. ಆದರೆ ಹಿತ್ತಿಲಲ್ಲಿ ಕೂತಿದ್ದ ಆ ಹೊಳೆಯುವ ಮುಖ ನೆನಪಾಯಿತು. ಅದನ್ನು ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ.

"ನಮ್ ಮೀನಲ್ಲಿ ಉಳ ಅವೆ ಕಣಪ್ಪಾ" ಎಂದಳು ಗಟ್ಟಿಯಾಗಿ. "ನಿಮ್ ಕೂಸು ಅದ್ನೇ ಓದ್ತಾ ಇರಾದಂತೆ. ಉಳುವಿನ್ ಗಂಡು ಇದ್ರೊಳ್ಗೆ ಅದಂತೆ, ಅದ್ಕೇ ಕಿತ್ಕತಾ ಇವ್ನಿ. ಎದ್ದೋಗದಾರೆ ಓಗಿ. ಇದ್ದದ್ದ ಏಳಿವ್ನಿ."

ಪವಿತ್ರಳ ತಾಯಿ ಮೀನಾ ಮುಖಕ್ಕೆ ಸೆರಗು ಒತ್ತಿಕೊಂಡಳು. ಅಳುತ್ತಾಳೆಂದು ರಾಚಮ್ಮ ಅಂದುಕೊಂಡಳು. ಅವಳು ನಗುತ್ತಿದ್ದಳು.

"ತೆಪ್ಪು ನಮ್ದೂ ಅದೆ ಬೀಗ್ತಿ" ಎಂದ ಪುಟ್ಟಸಿದ್ದಯ್ಯ, ಮೊದಲ ಸಲ ಮೀಸೆಯೊಳಗಿನ ಹಲ್ಲು ತೋರಿಸಿ. "ಎಣ್ಣು ಉಳ ಹಿಡಿಯದ ಓದ್ತದೆ ಅಂದ್ರೆ ಯಾರು ಮಾಡ್ಕತಾರು ಅಂತ, ನಾನೇ ಮೀನು ಅಂತ ಏಳ್ಸಿದ್ದಿ. ಎಲ್ಲಿ ಗೊತ್ತಾಗಿ ಕೂಸ ವಾಪಸ್ ಕಳುಸ್ತಿರೋ ಅಂತ ದಾರಿ ಉದ್ದಕೂ ಎದೆ ಹಿಡ್ಕ ಬಂದಿ."

"ನೀವು ಎದ್ದೋಗ್ತಿರಿ ಅಂತ ನಾನು ಮೀನ ತಿಪ್ಪೇಲಿ ಊಳಕೆ ಓಗಿದ್ದಿ!" ಎಂದಳು ರಾಚಮ್ಮ.

ಶಾಮಿಯಾನವೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಹನುಮಯ್ಯನೊಬ್ಬ ಮಾತ್ರ, "ನನ್ ಹೊಂಡದಲ್ಲಿ ಉಳನಾ?" ಎಂದು ಸಪ್ಪಗಾದ. ಇಂಥ ಹುಳು ಇದುವರೆಗೆ ಸಿಕ್ಕಿರುವುದು ನಿಮ್ಮ ಹೊಂಡ ಒಂದರಲ್ಲೇ ಮಾವ ಎಂದು ಸೊಸೆ ಹೇಳಿದ್ದೇ ತಡ, "ಸುತ್ತೇಳು ಹಳ್ಳೀಲಿ ಇಲ್ಲ ಕಣ್ರಿ, ನನ್ ಒಬ್ಬಂದೇ!" ಎಂದು ಎಲ್ಲರಿಗೂ ಪನ್ನೀರಿನ ಜೊತೆ ಸುದ್ದಿಯನ್ನೂ ಎರಚುತ್ತ ಹೊರಟ.

ಹಿತ್ತಿಲಲ್ಲಿ ಒಲೆ ಹತ್ತಿತು. ಮೀನು ತೊಳೆದು ಸಾರಿಗೆ ಬಿದ್ದವು. ಜಗುಲಿಯ ಮೇಲೆ ಪವಿತ್ರಳ ಪೆಟ್ಟಿಗೆ ಬಿಚ್ಚಿಕೊಂಡಿತು. ಬೆಳ್ಳಿ ಕಾಣಲು ಶಿವಮ್ಮ ಎಲ್ಲರಿಗಿಂತ ಮುಂದೆ ನುಗ್ಗಿದ್ದಳು. ಒಳಗಿಂದ ಬಂದದ್ದು ಮೈಕ್ರೋಸ್ಕೋಪು. ಪವಿತ್ರ ಕೂತು ಒಂದೊಂದೇ ಬುಡ್ಡೆ ಸೀಳಿ, ಪೊರೆ ಬಿಡಿಸಿ, ಗಾಜಿನ ಮೇಲಿಟ್ಟು ನೋಡತೊಡಗಿದಳು. ಮಣಿಕಂಠ ಪಕ್ಕದಲ್ಲಿ ಚಿಮಟ ಹಿಡಿದು ನಿಂತ. ಬೀಗರ ಕಡೆಯ ಹೆಂಗಸರು ಸುಮ್ಮನೆ ಕೂರುವ ಪೈಕಿಯೇ? ಅಲ್ಲೇ ಪದ ಕಟ್ಟಿ ಎತ್ತಿದರು:

"ಹಳ್ಳ ದಾಟಿ ಬಂದೇವು, ಕೊಳ್ಳ ದಾಟಿ ಬಂದೇವು
ಬೀಗ್ತಿ ಮನೆಯ ಔತಣಕೆ ಸೋಬಾನವೇ
ಉಣ್ಣಾಕೆ ಕರೆದವಳು ಎಲೆ ಹಾಕಾದ ಮರೆತವಳು
ಹುಳುವೀಗೆ ಗಂಡ ಹುಡುಕ್ಯಾಳು ಸೋಬಾನವೇ"

ಮಡಿಲಿನ ಬುಡ್ಡೆಗಳು ಒಂದೊಂದಾಗಿ ಮುಗಿಯುತ್ತ ಬಂದವು. ಗಂಡಿನ ಸುಳಿವಿಲ್ಲ. ಸಾರು ಕುದಿದು ಘಮ್ಮೆಂದಿತು. ಕೊನೆಯ ಬುಡ್ಡೆಯೂ ಮುಗಿದಾಗ ಪವಿತ್ರ ಮುಂಗೈಯಿಂದ ಕಣ್ಣೊರೆಸಿಕೊಂಡು, "ಹೋಗ್ಲಿ ಬುಡಿ ಅತ್ತೆ. ಎಲ್ರಿಗೂ ಹಸಿವಾಗದೆ. ಎಲೆ ಹಾಕ್ಸಿ" ಎಂದು ನಕ್ಕಳು. ಆ ನಗು ರಾಚಮ್ಮನಿಗೆ ಗೊತ್ತು. ಒಲ್ಲೆನೆಂದ ಮನೆಯ ಮೆಟ್ಟಿಲು ಇಳಿಯುವಾಗ ತಾನು ನಗುತ್ತಿದ್ದದ್ದೂ ಹೀಗೆಯೇ.

ಬಟ್ಟಲು ದೇವರ ಗೂಡಿನ ಕೆಳಗಿತ್ತು. ಅದು ರಾಚಮ್ಮನೊಬ್ಬಳಿಗೇ ಗೊತ್ತು. ಕೊಟ್ಟರೆ, ಸೀಳಿದ ಬುಡ್ಡೆ ಸದ್ದು ಮಾಡುವುದಿಲ್ಲ. ತಾಯಿ ಮಾಡಿದ್ದು, ಅಜ್ಜಿ ಮಾಡಿದ್ದು, ತನ್ನ ಕೈಯಲ್ಲಿ ತಪ್ಪುತ್ತದೆ. ನಾಳೆ ಮಕ್ಕಳಿಗೇನಾದರೂ ಆದರೆ? ಇಷ್ಟು ಕಣ್ಣುಗಳ ನಡುವೆ ಈ ಕೂಸನ್ನು ಏನು ಕಾಯುತ್ತದೆ? ಸೊಸೆಯತ್ತ ನೋಡಿದಳು. ಹುಡುಗಿ ಬಗ್ಗಿ ಪೆಟ್ಟಿಗೆ ಮುಚ್ಚುತ್ತಿದ್ದಳು. ಕಾಯುವುದೆಂದರೆ ಮೊದಲು ಆ ಮುಖವನ್ನು ಬಾಡದ ಹಾಗೆ ಕಾಯಬೇಕಲ್ಲವೇ ಎನಿಸಿತು. ಎದ್ದು ಒಳಗೆ ಹೋದಳು.

"ತಕೊ ಕೂಸೆ. ಇದೊಂದದೆ. ನಿನ್ ಕಾಲಲ್ಲಿ ಒಡೆಸ್ಬೇಕು ಅಂತ ಮಡ್ಗಿದ್ದಿ. ನೀನು ಕತ್ರಿಲೇ ಒಡಿ."

ಪದ್ಧತಿಯ ವಿಷಯ ಕೇಳಿದ ಪವಿತ್ರ, "ಬ್ಯಾಡ ಅತ್ತೆ, ನಿಮ್ ಆಸೆ..." ಎಂದು ಕೈ ಹಿಂದೆಳೆದುಕೊಂಡಳು.

"ನನ್ ಆಸೆ ನಾನು ನೋಡ್ಕತಿನಿ. ನೀನು ಕುಯ್ಯಿ!"

ಪವಿತ್ರ ಸೀಳಿದಳು. ಪೊರೆ ಬಿಡಿಸಿದಳು. ಗಾಜಿನ ಮೇಲೆ ಹರಡಿ, ಕಣ್ಣಿಟ್ಟಳು. ಪದ ನಿಂತಿತು. ಅವಳು ಅಲುಗಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಉಸಿರಿಗಿಂತ ಮೆಲ್ಲಗೆ, "ಅತ್ತೆ" ಎಂದಳು. "ಬಂದವ್ನೆ."

ಮಣಿಕಂಠ ಶಿಳ್ಳೆ ಹೊಡೆದ. ಹೆಂಗಸರು ಹೋ ಎಂದರು. ಮೊದಲು ಅತ್ತೆಯೇ ನೋಡಬೇಕೆಂದು ಪವಿತ್ರ ಎದ್ದು ರಾಚಮ್ಮನನ್ನು ತನ್ನ ಜಾಗದಲ್ಲಿ ಕೂರಿಸಿದಳು. ರಾಚಮ್ಮ ಒಂದು ಕಣ್ಣು ಮುಚ್ಚಿ ಇಣುಕಿದಳು. ಬೆಳಕಿನ ಬಟ್ಟಲಲ್ಲಿ ಬಿಳಿಯ ನೂಲಿನೆಳೆಯಂಥದ್ದೊಂದು ಡೊಂಕಾಗಿ ಮಲಗಿತ್ತು.

"ಇಷ್ಟೇಯಾ ಗಂಡು? ಎಣ್ಣು ಅಷ್ಟುದ್ದ ಅವ್ಳೆ!"

"ಇಷ್ಟೇ ಅತ್ತೆ. ಸದ್ದಿಲ್ದೆ ಒಂದು ಮೂಲೇಲಿ ಇರ್ತಾನೆ."

"ಬುಡು, ನಮ್ಮನೇಲೂ ಅಂಗೇಯ" ಎಂದಳು ರಾಚಮ್ಮ. ಪನ್ನೀರುದಾನಿ ಹಿಡಿದಿದ್ದ ಹನುಮಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಪುಟ್ಟಸಿದ್ದಯ್ಯ ಕನ್ನಡಕ ಒರೆಸಿಕೊಂಡು, "ಗಂಡು ಒಪ್ಗೆ ಆಯ್ತಲ್ಲ, ಈಗ್ಲಾರ ಎಲೆ ಆಕ್ಸಿ ಬೀಗ್ತಿ, ಆ ಮೀನಿನ್ ಸಾರು ಮೂಗ್ಗೆ ಬಡ್ದು ಸಾಯ್ತಾ ಇವ್ನಿ" ಎಂದ.

ರಾಚಮ್ಮ ಏಳಲಿಲ್ಲ. ಸೊಸೆಯನ್ನು ಎದುರಿಗೆ ಎಳೆದುಕೊಂಡು, ಅವಳ ಕೆನ್ನೆಗಳ ಮೇಲಿಂದ ಎರಡೂ ಕೈ ನಿವಾಳಿಸಿ, ತನ್ನ ಹಣೆಯ ಎರಡು ಬದಿಗೆ ಒತ್ತಿ ನೆಟಿಗೆ ಮುರಿದಳು. ಹತ್ತು ಬೆರಳೂ ಪಟಪಟನೆ ಸಿಡಿದವು. ಗಾಳಿಬುಡ್ಡೆ ಯಾವ ಮೂಲೆಗೆ ಎಂಬಂಥ ಸದ್ದು. ಹೆಂಗಸರು ನಕ್ಕು ಊಟಕ್ಕೆ ಏಳುವಷ್ಟರಲ್ಲಿ ಅವಳಿಗೆ ಏನೋ ನೆನಪಾಯಿತು. ಆ ನೂಲಿನೆಳೆಯಷ್ಟು ಗಂಡಿನ ಮೇಲೂ ಇಷ್ಟು ಜನರ ಕಣ್ಣು ಬೀಳುತ್ತದಲ್ಲ, ಪಾಪ! ತಿರುಗಿ, ಮೈಕ್ರೋಸ್ಕೋಪಿನ ಮೇಲೂ ಒಮ್ಮೆ ಕೈ ನಿವಾಳಿಸಿ ನೆಟಿಗೆ ಮುರಿದಳು.